ಕಲ್ಲು ನಂಬಿದವನು ಯೊಕೊಹಾಮಾದಲ್ಲಿ

ಕುರುಗೋಡು

ಕಲ್ಲಿನ ಕಂತ್ರಾಟು ಮಾಡುವವನಿಗೆ ಪರದೇಶದ ಕಥೆ ಬರೆಯುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಬಳ್ಳಾರಿಯ ಪೇಟೆಯಲ್ಲಿ ಸಿಕ್ಕಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ, "ಜಪಾನಿನ್ಯಾಗ ಹಾವು ತಿಂತಾರಂತಲ್ರೀ ವೀರೇಶಪ್ಪಾರ, ಖರೇನ?" ಎಂದು ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿ ಮುಗಿಸೋಣವೆಂದು ಕೂತಿದ್ದೇನೆ. ಹಾವಿನ ವಿಷಯ ನನಗೆ ಗೊತ್ತಿಲ್ಲ. ನೆಲದ ವಿಷಯ ಗೊತ್ತು.

ನಾನು ಹೋದದ್ದು ದೇಶ ನೋಡಲಿಕ್ಕಲ್ಲ, ತಂಗಿಯನ್ನು ಕರೆತರಲಿಕ್ಕೆ. ತಂಗಿ ನೀಲವ್ವನ ಗಂಡ ಮಲ್ಲಪ್ಪ ಬೊಂಬಾಯಿಯ ಒಂದು ಬಟ್ಟೆ ವ್ಯಾಪಾರದ ಕಂಪನಿಯಲ್ಲಿ ಕೆಲಸಕ್ಕಿದ್ದ. ಯುದ್ಧ ಮುಗಿದು ಜಪಾನಿನ ಜೊತೆ ವ್ಯಾಪಾರ ಮತ್ತೆ ಶುರುವಾದಾಗ ಕಂಪನಿಯವರು ಅವನನ್ನು ಯೊಕೊಹಾಮಾ ಬಂದರಿಗೆ ಕಳಿಸಿದರು. ಹೊಸದಾಗಿ ಮದುವೆಯಾಗಿದ್ದ ನೀಲವ್ವ ಅವನ ಬೆನ್ನಿಗೆ ಹೊರಟಳು. ಹೋದ ಮೇಲೆ ಅವಳು ಬರೆದ ಕಾಗದಗಳಲ್ಲೆಲ್ಲ ಒಂದೇ ಮಾತು: ಇಲ್ಲಿ ನೆಲ ಅಲುಗಾಡುತ್ತದೆ, ನನಗೆ ಅಂಜಿಕೆ. ಕೊನೆಯ ಕಾಗದದಲ್ಲಿ ಇನ್ನೊಂದು ಮಾತು ಸೇರಿತು. ಅವಳು ಬಸುರಿಯಾಗಿದ್ದಳು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅದೂ ಸಾಲದೆಂಬಂತೆ ಅವ್ವ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ ಅಲ್ಲಿನ ಜೋಯಿಸರನ್ನು ಕೇಳಿ ಬಂದಳು. ಅವರು ಪಂಚಾಂಗ ತೆರೆದು ಬೆರಳು ಮಡಿಚಿ ಎಣಿಸಿ, ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮೂಡಲ ಸೀಮೆಯಲ್ಲಿ ಭೂಮಿ ಬಾಯಿ ಬಿಡುತ್ತದೆ ಎಂದು ಹೇಳಿ ಕಳಿಸಿದ್ದರು. ಅವ್ವ ಮನೆಯೊಳಗೆ ಕಾಲಿಟ್ಟವಳೇ ಚೀಲ ಒಗೆದು ನನ್ನ ಮುಂದೆ ಕೂತಳು.

"ವೀರೇಶಾ, ಹಡಗು ಹತ್ತು. ಅಮಾಸಿಕ್ಕಿಂತ ಮೊದಲ ಆಕಿ ಆ ನೆಲ ಬಿಟ್ಟಿರಬೇಕು. ಆಕಿನ್ನ ಬಿಟ್ಟು ನೀ ಒಬ್ಬನ ಬಂದ್ರ ಈ ಹೊಸ್ತಿಲು ತುಳಿಬ್ಯಾಡ ನೋಡು."

ಆ ಹೊಸ್ತಿಲು ಒಂದೇ ಕಲ್ಲಿನದು. ನಮ್ಮ ಮುತ್ತಜ್ಜ ಕುರುಗೋಡಿನ ಗುಡ್ಡದಿಂದ ಸೀಳಿಸಿ ತರಿಸಿದ್ದು. ಮನೆಯ ಗೋಡೆಗಳೂ ಅದೇ ಗುಡ್ಡದವು; ಬಾಗಿಲ ಸಂದಿನಲ್ಲಿ ಒಬ್ಬ ಮನುಷ್ಯ ಕಾಲು ಮಡಿಚಿ ಕೂರಬಹುದು, ಅಷ್ಟು ದಪ್ಪ. ನಮ್ಮ ಗುಡ್ಡದ ಮೇಲೆ ಒಂದರ ಮೇಲೊಂದು ಕೂತ ಗುಂಡುಕಲ್ಲುಗಳನ್ನು ನೋಡಿದ ಹೊಸಬರು, ಈಗ ಉರುಳಿಯಾವು ಎಂದು ಹಿಂದೆ ಸರಿಯುತ್ತಾರೆ. ನಮ್ಮ ಅಜ್ಜನ ಕಾಲದಿಂದ ಒಂದೂ ಉರುಳಿಲ್ಲ. ತುಂಗಭದ್ರೆಯ ಅಣೆಕಟ್ಟಿಗೆ ಕಲ್ಲು ಹೊಡೆಸಿ ಕಳಿಸುತ್ತಿದ್ದ ನನಗೆ ಕಲ್ಲಿನ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ ಇತ್ತು. ನೆಲ ಅಲುಗಾಡಿದರೆ ಅಲುಗಾಡಲಿ, ಗಟ್ಟಿಯಾದ ಒಂದು ಕಲ್ಲು ಹಿಡಿದು ನಿಂತರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಬಳ್ಳಾರಿ ಸ್ಟೇಷನ್ನು

ಬಳ್ಳಾರಿ ಸ್ಟೇಷನ್ನಿನಲ್ಲಿ ಅವ್ವ ನನ್ನ ಕೈಗೆ ಕೊಟ್ಟ ಗಂಟುಗಳನ್ನು ನೋಡಿ ಹಮಾಲಿಯೇ ಕೇಳಿದ, ಅಂಗಡಿ ಇಡಾಕ ಹೊಂಟೀರೇನ್ರಿ ಅಂತ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ, ಸಿರುಗುಪ್ಪದ ಅಕ್ಕಿ. ಅಕ್ಕಿ ತಿನ್ನುವ ದೇಶಕ್ಕೆ ಅಕ್ಕಿ ಯಾಕವ್ವಾ ಎಂದರೆ, "ಅದು ಅವರ ಅಕ್ಕಿ, ಇದು ನಮ್ಮ ಅಕ್ಕಿ" ಎಂದಳು. ಎಲ್ಲಕ್ಕಿಂತ ಕೆಳಗೆ ಒಂದು ಬಿಳಿ ಬಟ್ಟೆಯ ಗಂಟು ಕಲ್ಲಿನಷ್ಟು ಭಾರವಾಗಿತ್ತು. ಬಿಚ್ಚಿ ನೋಡಿದರೆ ಎರೆಮಣ್ಣು.

"ಅಕಸ್ಮಾತ್ ಅಮಾಸಿ ಅಲ್ಲೇ ಬಂತಂದ್ರ ಎತ್ತು ಮಾಡಾಕ ಬೇಕಲ್ಲ," ಎಂದಳು ಅವ್ವ. ನಮ್ಮ ಕಡೆ ಆ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. "ಅಲ್ಲಿ ಮಣ್ಣು ಒಂದು ಕಡಿ ನಿಲ್ಲಂಗಿಲ್ಲಂತ. ಅದರ ಎತ್ತು ಬ್ಯಾಡ. ನಮ್ಮ ಮಣ್ಣು ಒಯ್ಯಿ."

ರೈಲು ಹೊರಟಾಗ ಅವಳು ಕಣ್ಣೀರು ಹಾಕಲಿಲ್ಲ. ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, "ಆಕಿನ್ನ ಕರಕೊಂಡು ಬಾ," ಎಂದಷ್ಟೇ ಹೇಳಿದಳು. ಗುಂತಕಲ್ಲಿನಲ್ಲಿ ಬೊಂಬಾಯಿ ಮೇಲ್ ಹತ್ತುವಾಗ ನೂಕುನುಗ್ಗಲಿನಲ್ಲಿ ನನ್ನ ಒಂದು ಚಪ್ಪಲಿ ಕೆಳಗೇ ಉಳಿಯಿತು. ಈ ನೂಕಾಟವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹಡಗು

ಹಡಗಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅರ್ಧ ದಾರಿ ನಾನು ಮಲಗಿದ್ದೆ, ಇನ್ನರ್ಧ ದಾರಿ ವಾಂತಿ ಮಾಡಿಕೊಂಡೆ. ಸಮುದ್ರ ಅಲುಗಾಡಿದ್ದಕ್ಕೆ ಸಿಟ್ಟು ಬರಲಿಲ್ಲ. ಅದು ನೀರು, ಅದರ ಜಾತಿಯೇ ಅಂಥದ್ದು. ಸಿಟ್ಟು ಬಂದದ್ದು ಹಾಂಗ್‌ಕಾಂಗಿನಲ್ಲಿ. ಇಂಜಿನು ಕೆಟ್ಟಿದೆ ಎಂದು ಹೇಳಿ ಹಡಗನ್ನು ಅಲ್ಲೇ ಕಟ್ಟಿಹಾಕಿದರು. ಇವತ್ತು ನಾಳೆ ಎನ್ನುತ್ತ ದಿನಗಳು ಕಳೆದವು. ಕ್ಯಾಪ್ಟನ್ ಸಾಹೇಬನ ಹತ್ತಿರ ಹೋಗಿ ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಅಮಾವಾಸ್ಯೆಯ ಸಂಗತಿ ವಿವರಿಸಿದೆ. ಆತ ನನ್ನ ಹಣೆ ಮುಟ್ಟಿ ನೋಡಿ ಡಾಕ್ಟರನ್ನು ಕಳಿಸಿದ.

ಯೊಕೊಹಾಮಾ ಮುಟ್ಟುವ ಹೊತ್ತಿಗೆ ಅಮಾವಾಸ್ಯೆ ಕೈಯಳತೆಯಲ್ಲಿತ್ತು. ಹಿಂದಿರುಗುವ ಹಡಗಿದ್ದದ್ದು ಅದು ಕಳೆದ ಮೇಲೆ. ಅವ್ವ ಹೇಳಿದ ದಿನವನ್ನು ಅದೇ ನೆಲದ ಮೇಲೆ ಕಾಯುವುದು ನನ್ನ ಹಣೆಯಲ್ಲಿ ಬರೆದಿತ್ತು.

ಯೊಕೊಹಾಮಾ

ಸುಂಕದ ಕಟ್ಟೆಯಲ್ಲಿ ನನ್ನ ಎರೆಮಣ್ಣು ಸಿಕ್ಕಿಬಿತ್ತು. ಒಬ್ಬ ಅಧಿಕಾರಿ ಅದನ್ನು ಮೂಸಿದ. ಇನ್ನೊಬ್ಬ ಬೆರಳಿನಲ್ಲಿ ಉಜ್ಜಿದ. ಮೂರನೆಯವನು ಕನ್ನಡಕ ಹಾಕಿಕೊಂಡು ಬಂದು, ಪರದೇಶದ ಮಣ್ಣು ಒಳಗೆ ಬಿಡುವಂತಿಲ್ಲ, ಹುಳ ಬರುತ್ತವೆ ಎಂದು ವಿವರಿಸಿದ. ನಮ್ಮ ಕುರುಗೋಡಿನ ಮಣ್ಣಿಗೆ ಹುಳ ಎನ್ನುತ್ತೀಯಾ ಎಂದು ನಾನು ಏರುದನಿಯಲ್ಲಿ ಜಗಳಕ್ಕೆ ನಿಂತೆ. ಆತ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ನಾನು ಮತ್ತೆ ಬೈದೆ, ಆತ ಮತ್ತೆ ಬಗ್ಗಿದ. ಹೀಗೆ ಬಗ್ಗುವವರ ಜೊತೆ ಜಗಳ ಎಷ್ಟು ಹೊತ್ತು ನಡೆದೀತು? ಗಂಟನ್ನು ಅವರು ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದದಂತೆ ಒಳಗೆ ಒಯ್ದರು.

ನೀಲವ್ವ ನನ್ನನ್ನು ಕಂಡೊಡನೆ ತೋಳು ಹಿಡಿದು ಅತ್ತಳು. ಐದು ತಿಂಗಳ ಬಸುರಿ, ಆದರೆ ಮುಖ ಇಳಿದುಹೋಗಿತ್ತು. "ಅಣ್ಣಾ, ನನ್ನ ಕರಕೊಂಡು ಹೋಗು. ಬಾಗಲಾ ಕಿರ್ ಅಂದ್ರ ಸಾಕು, ನನಗ ಜೀವ ಬಾಯಿಗೆ ಬರತೈತಿ." ಮಲ್ಲಪ್ಪ ಪಕ್ಕದಲ್ಲಿ ನಿಂತು ತನ್ನ ಕಾಲಬೆರಳು ನೋಡಿಕೊಳ್ಳುತ್ತಿದ್ದ. ಅವನಿಗೆ ಅವಳನ್ನು ಕಳಿಸುವ ಮನಸ್ಸೂ ಇರಲಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ.

ಅವರ ಮನೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮರದ ಕಡ್ಡಿಗಳು, ನಡುವೆ ಕಾಗದ! ಗೋಡೆಗೆ ಬೆರಳಿನಿಂದ ಟಕ್ಕೆಂದು ಬಡಿದು ನೋಡಿದೆ, ಬೆರಳು ಆಚೆ ಹೋಯಿತು. ಮನೆಯ ಒಡತಿ, ಮೋರಿತಾ ಎಂಬ ಮುದುಕಿ, ಆಚೆ ಕಡೆ ಕೂತು ಚಹಾ ಕುಡಿಯುತ್ತಿದ್ದವಳು, ತೂತಿನಲ್ಲಿ ಬಂದ ನನ್ನ ಬೆರಳನ್ನು ನೋಡಿ ಗಂಭೀರವಾಗಿ ತಲೆಬಾಗಿದಳಂತೆ. ಆಕೆ ಆಡಿದ್ದನ್ನೆಲ್ಲ ನೀಲವ್ವನೇ ನನಗೆ ತಿಳಿಸಬೇಕಿತ್ತು. ಹಾಗಾಗಿ ನನ್ನ ಕಿವಿಗೆ ಆ ಜಪಾನಿ ಅಜ್ಜಿ ಕುರುಗೋಡಿನ ಮಾತನ್ನೇ ಆಡುತ್ತಿದ್ದಳು.

"ನಿಮ್ಮ ಅಣ್ಣಗ ಮನಿ ಹಿಡಿಸಿಲ್ಲೇನು ಅಂತ ಕೇಳಾಕ ಹತ್ಯಾಳ," ಎಂದಳು ನೀಲವ್ವ.

"ನಮ್ಮ ದನದ ಕೊಟ್ಟಿಗಿ ಇದಕ್ಕಿಂತ ಗಟ್ಟಿ ಐತಿ ಅಂತ ಹೇಳು."

ತಂಗಿ ಹೇಳಿದಳೋ, ತಿರುಚಿದಳೋ ಗೊತ್ತಿಲ್ಲ. ಅಜ್ಜಿ ನಕ್ಕು ಏನೋ ಅಂದಳು. "ಕೊಟ್ಟಿಗಿ ಬಿದ್ರ ದನಕ್ಕ ಏನಾಗತೈತಿ ಅಂತ ಕೇಳ್ತಾಳ. ತನ್ನ ಮನಿ ಮೈ ಮ್ಯಾಲೆ ಬಿದ್ರೂ ಎದ್ದು ಬರಬಹುದಂತ." ನನಗೆ ಇದು ಕುಂಟು ನೆಪದಂತೆ ಕಂಡಿತು.

ಆ ಓಣಿಯಲ್ಲಿ ನನ್ನ ಕಣ್ಣಿಗೆ ಕಟ್ಟಡ ಎನ್ನಿಸಿದ್ದು ಒಂದೇ ಒಂದು. ಓಣಿಯ ತುದಿಯ ಚಿಕ್ಕ ಗುಡಿಯ ಮುಂದೆ ಆಳೆತ್ತರ ಮೀರಿದ ಕಲ್ಲಿನ ದೀಪಸ್ತಂಭವಿತ್ತು. ಕಂಬ, ಅದರ ಮೇಲೆ ದೀಪದ ಗೂಡು, ಅದರ ಮೇಲೆ ಕೊಡೆಯಂಥ ಕಲ್ಲಿನ ಟೊಪ್ಪಿಗೆ. ಕೈಯಾಡಿಸಿದೆ. ನಮ್ಮ ಕಡೆಯ ಕಲ್ಲಿನಷ್ಟೇ ತಣ್ಣಗೆ, ಅಷ್ಟೇ ಗಡುಸು. ಪರದೇಶದಲ್ಲಿ ಊರಿನವನೊಬ್ಬ ಸಿಕ್ಕಂತಾಯಿತು. ದಿನಾ ಬೆಳಿಗ್ಗೆ ಹೋಗಿ ಅದನ್ನೊಮ್ಮೆ ಮುಟ್ಟಿ ಬರುತ್ತಿದ್ದೆ.

ಇನ್ನೊಂದು ವಿಷಯ ಮೆಚ್ಚಿಕೊಂಡೆ. ಪ್ರತಿ ಮನೆಯ ಬಾಗಿಲಲ್ಲೂ ಒಂದು ಬಕೆಟ್ಟು ತುಂಬಿದ ನೀರು. ಬಂದವರು ಕಾಲು ತೊಳೆಯಲಿ ಎಂದು ನಮ್ಮಲ್ಲೂ ಬಾಗಿಲಲ್ಲಿ ಕೊಡ ಇಡುತ್ತಾರಲ್ಲ, ಈ ಮರ್ಯಾದೆ ಇವರಿಗೂ ಗೊತ್ತಿದೆ ಎಂದು ಖುಷಿಯಾಯಿತು. ಹೊರಗಿನಿಂದ ಬಂದಾಗಲೆಲ್ಲ ಆ ಬಕೆಟ್ಟಿನ ನೀರಿನಲ್ಲಿ ಗಳಗಳ ಕಾಲು ತೊಳೆದೆ. ಮತ್ತೆ ನೋಡುವಷ್ಟರಲ್ಲಿ ಬಕೆಟ್ಟು ತುಂಬಿರುತ್ತಿತ್ತು. ಒಂದು ಸಲ ತಿರುಗಿ ನೋಡಿದಾಗ, ಅಜ್ಜಿ ಸೊಂಟ ಹಿಡಿದುಕೊಂಡು ನಲ್ಲಿಯಿಂದ ನೀರು ತಂದು ಸುರಿಯುತ್ತಿದ್ದಳು. ಎಂಥ ಅತಿಥಿ ಸತ್ಕಾರ ಎಂದುಕೊಂಡೆ.

ಒಂದು ದಿನ ಮಲ್ಲಪ್ಪ ಅದನ್ನು ನೋಡಿ ಹೌಹಾರಿದ. "ಮಾವಾರ, ಅದು ಕಾಲಿಗಲ್ರಿ! ನೆಲ ನಡುಗಿ ಬೆಂಕಿ ಬಿದ್ರ ಆರಸಾಕ ಇಟ್ಟಿದ್ದು!"

"ಮತ್ತ ಆಕಿ ಯಾಕ ಹೇಳಲಿಲ್ಲ?"

"ಬಂದವರಿಗೆ ಬ್ಯಾಡ ಅನ್ನೋದು ಅವರಿಗೆ ಬರಂಗಿಲ್ರಿ. ನೀವು ಚೆಲ್ಲಿದಷ್ಟು ಸಲ ತುಂಬತಾಳ, ಅಷ್ಟ."

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ಕಣ್ಣು ಬಿಟ್ಟು ನೋಡತೊಡಗಿದೆ. ಓಣಿಯ ಪ್ರತಿಯೊಬ್ಬರ ತಲೆದಿಂಬಿನ ಹತ್ತಿರ ಒಂದು ಬಟ್ಟೆಯ ಚೀಲ, ಅದರಲ್ಲಿ ಒಣ ಅನ್ನ, ಮೇಣದ ಬತ್ತಿ, ಬೆಂಕಿಪೆಟ್ಟಿಗೆ. ಬೀರುವನ್ನು ಮರದ ಕಂಬಕ್ಕೆ ಕಟ್ಟಿದ್ದರು. ಎತ್ತರದಲ್ಲಿ ಭಾರದ ಸಾಮಾನು ಯಾರೂ ಇಡುತ್ತಿರಲಿಲ್ಲ. ಅಡುಗೆ ಆದೊಡನೆ ಕೆಂಡಗಳನ್ನು ಒಂದು ಗಡಿಗೆಗೆ ಹಾಕಿ ಮುಚ್ಚಳ ಬಿಗಿದು ಬಿಡುತ್ತಿದ್ದರು. ಹತ್ತಿರದ ಸಾಲೆಯಲ್ಲಿ ಒಂದು ಬೆಳಿಗ್ಗೆ ಭೂಕಂಪದ ತಾಲೀಮಿಗೆ ಗಂಟೆ ಬಾರಿಸಿತು. ಮಕ್ಕಳು ಕೂರುವ ಮೆತ್ತೆಯನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಬಯಲಿಗೆ ಬಂದು ನಿಂತವು. ಒಂದಾದರೂ ಇನ್ನೊಂದನ್ನು ನೂಕಲಿಲ್ಲ, ಒಂದಾದರೂ ಕೂಗಲಿಲ್ಲ. ಗುಂತಕಲ್ಲಿನಲ್ಲಿ ನನ್ನ ಚಪ್ಪಲಿ ಕಳೆದ ನಮ್ಮ ದೊಡ್ಡವರನ್ನು ನೆನೆದುಕೊಂಡೆ. ಈ ಮಕ್ಕಳ ಕಾಲ ಧೂಳಿಗೂ ನಾವು ಸಮನಲ್ಲ ಅನ್ನಿಸಿ ನಾಚಿಕೆಯಾಯಿತು.

ಮಣ್ಣೆತ್ತಿನ ಅಮಾವಾಸ್ಯೆ

ಆದರೆ ಜೋಯಿಸರ ಮಾತು ತಲೆಯಿಂದ ಹೋಗಿರಲಿಲ್ಲ. ಅಮಾವಾಸ್ಯೆಯ ದಿನ ಬೆಳಗಾಗುತ್ತಲೇ ನಾನು ಎಲ್ಲರನ್ನೂ ಹೊರಡಿಸಿದೆ. ಗೋಡೆ ಇಲ್ಲದ, ಮರ ಇಲ್ಲದ ಬಯಲಿನಲ್ಲಿ ದಿನವಿಡೀ ಕೂರುವುದೆಂದು ತೀರ್ಮಾನ. ಮಲ್ಲಪ್ಪ ಆಫೀಸಿಗೆ ರಜೆ ಹಾಕಿದ. ಅಜ್ಜಿಗೂ ನೀಲವ್ವ ವಿಷಯ ತಿಳಿಸಿದಳು. ಆಕೆ ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. ಒಳಗೆ ಹೋಗಿ ಬುತ್ತಿ ಕಟ್ಟಿಕೊಂಡು, ನಾಲ್ಕು ಕೊಡೆ ಹಿಡಿದುಕೊಂಡು ಬಂದಳು.

ಕೊಡೆ ಯಾಕೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಅದು ಅವರ ಮಳೆಗಾಲ. ಸಾಲೆಯ ಬಯಲಿನ ನಡುವೆ ಚಾಪೆ ಹಾಕಿ ಕೂತ ನಮ್ಮ ಮೇಲೆ ಸಣ್ಣ ಮಳೆ ಒಂದೇ ಸಮನೆ ಸುರಿಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ತಲೆಬಾಗಿ, ಮುಂದೆ ಹೋದರು. ನೀಲವ್ವ ಬೇಸರ ಕಳೆಯಲಿಕ್ಕೆ ಬಯಲಿನ ಹಸಿ ಮಣ್ಣು ಕಲಸಿ ಜೋಡಿ ಎತ್ತು ಮಾಡಿದಳು. ಅವ್ವ ಬೇಡವೆಂದಿದ್ದ ಅದೇ ಮಣ್ಣು! ಕುರುಗೋಡಿನ ಮಣ್ಣು ಸುಂಕದವರ ಪಾಲಾಗಿತ್ತಲ್ಲ, ನಾನೇನು ಹೇಳಲಿ. ಅಜ್ಜಿ ಒಂದು ಎತ್ತನ್ನು ಅಂಗೈಯಲ್ಲಿಟ್ಟುಕೊಂಡು ಅದರ ಕೊಂಬು ತಿದ್ದಿದಳು.

"ಮಲ್ಲಪ್ಪಾ, ಇಷ್ಟು ಯಂತ್ರ ಮಾಡೋ ಈ ಜನಕ್ಕ ಭೂಕಂಪ ಯಾವಾಗ ಬರತೈತಿ ಅಂತ ಕಂಡುಹಿಡಿಯಾಕ ಬರಂಗಿಲ್ಲೇನು?" ಎಂದು ಕೇಳಿದೆ.

"ದೊಡ್ಡ ದೊಡ್ಡ ವಿದ್ವಾಂಸರು ಅದಕ್ಕಂತನ ಕೂತಾರ್ರಿ ಮಾವಾರ. ನಡುಗಿದ ಮ್ಯಾಲೆ ಎಲ್ಲಿ ನಡುಗಿತು ಅಂತ ಹೇಳ್ತಾರ. ನಡುಗೋಕಿಂತ ಮೊದಲ ಹೇಳಾಕ ಅವರಿಗೂ ಇನ್ನೂ ಬಂದಿಲ್ಲ."

"ಮತ್ತ ನಮ್ಮ ಜೋಯಿಸರು ಹೇಳ್ಯಾರಲ್ಲ."

ಮಲ್ಲಪ್ಪ ತನ್ನ ಕೊಡೆಯನ್ನು ನೀಲವ್ವನ ಕಡೆ ಇನ್ನಷ್ಟು ವಾಲಿಸಿದ. ನೀಲವ್ವ ನಮ್ಮ ಮಾತನ್ನು ಅಜ್ಜಿಗೆ ತಿಳಿಸಿ, ತಾನಾಗಿಯೇ ಒಂದು ಪ್ರಶ್ನೆಯನ್ನೂ ಕೇಳಿದಳೆಂದು ಕಾಣುತ್ತದೆ. ಅಜ್ಜಿ ಎತ್ತಿನ ಕೊಂಬು ತಿದ್ದಿ ಮುಗಿಸಿ ಅದನ್ನು ಚಾಪೆಯ ಮೇಲಿಟ್ಟಳು. ಆಮೇಲೆ ಮಾತಾಡಿದಳು. ತಂಗಿ ಒಂದೊಂದೇ ಮಾತನ್ನು ನಮಗೆ ದಾಟಿಸಿದಳು.

"ಅಜ್ಜಿ ಹರೇದಾಕಿ ಇದ್ದಾಗ ದೊಡ್ಡ ಭೂಕಂಪ ಬಂದಿತ್ತಂತ ಅಣ್ಣಾ. ಮಧ್ಯಾಹ್ನದ ಅಡಿಗಿ ಹೊತ್ತು. ಎಲ್ಲಾರ ಮನ್ಯಾಗೂ ಒಲಿ ಉರೀತಿತ್ತು. ಈಕಿ ತಂಗಿ ಹಡಿಯಾಕ ಅಂತ ಈಕಿ ಮನಿಗೆ ಬಂದಿದ್ಲಂತ. ಮನಿ ಬಿದ್ರೂ ತಂಗಿಗೆ ಏನೂ ಆಗಿರಲಿಲ್ಲಂತ, ಒಳಗಿಂದ ಮಾತಾಡ್ತಿದ್ಲಂತ. ಈಕಿ ಮಂದಿ ಕರಿಯಾಕ ಓಡಿದ್ಲು. ಅಷ್ಟರಾಗ ಒಲಿ ಬೆಂಕಿ..." ನೀಲವ್ವನಿಗೆ ಮುಂದೆ ಹೇಳಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲ ಗೊತ್ತಾಗಿದ್ರ ಏನ ಮಾಡ್ತಿದ್ದಿ ಅಂತ ನಾ ಕೇಳಿದ್ದೆ. ಒಂದು ಗಳಿಗಿ ಸಾಕಿತ್ತು ಅಂತಾಳ. ಒಲಿ ಆರಿಸಿ, ತಂಗಿ ಕೈ ಹಿಡಕೊಂಡು ಹೊರಗ ಬರ್ತಿದ್ದೆ ಅಂತಾಳ. ಆ ಗಳಿಗಿ ಆಕಿಗೆ ಯಾರೂ ಕೊಡಲಿಲ್ಲ. ಅದಕ್ಕ ಈಗ ದಿನಾ ಗೊತ್ತಾದವರ ಹಂಗ ಇರತಾಳಂತ."

ಕಾಲು ತೊಳೆದ ಬಕೆಟ್ಟಿನ ನೆನಪಾಗಿ ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಸಂಜೆಯಾಯಿತು. ನೆಲ ಒಂದು ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ, ನಾನು ಮಾತ್ರ ಆಕಳಿಸಿ ಬಾಯಿ ಬಿಟ್ಟೆ. ಇಡೀ ದಿನ ತೊಯ್ದದ್ದಕ್ಕೆ ನೀಲವ್ವನಿಗೆ ನೆಗಡಿ ಹಿಡಿದು ಮೈ ಬಿಸಿಯಾಯಿತು. ಜೋಯಿಸರ ಭವಿಷ್ಯದಿಂದ ಜಪಾನಿನಲ್ಲಿ ಆದ ಅನಾಹುತ ಅದೊಂದೇ.

ರೊಟ್ಟಿಯ ಮಧ್ಯಾಹ್ನ

ಮನುಷ್ಯನ ಬುದ್ಧಿ ನೋಡಿ. ಅಮಾವಾಸ್ಯೆ ಕಳೆದದ್ದೇ ತಡ, ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಬರಬೇಕಾದ ದಿನ ಬರಲಿಲ್ಲ, ಇನ್ನು ಯಾವ ದಿನವೂ ಬರುವುದಿಲ್ಲ ಎಂಬಷ್ಟು ನಿಶ್ಚಿಂತೆ. ತಲೆದಿಂಬಿನ ಚೀಲದಲ್ಲಿದ್ದ ಒಣ ಅನ್ನವನ್ನು ಚಹಾದ ಜೊತೆ ತಿಂದು ಮುಗಿಸಿದೆ. ಹಳೆಯ ಚಾಳಿ ಬಿಡದೆ ಬಕೆಟ್ಟಿನ ನೀರಿಗೂ ಎರಡು ಸಲ ಕೈ ಹಾಕಿದೆ. ನೀಲವ್ವನ ಟ್ರಂಕು ಕಟ್ಟಿ ಮುಗಿದಿತ್ತು. ಹಡಗಿನ ದಿನ ಹತ್ತಿರ ಬಂದಿತ್ತು.

ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಮೈ ಹಗುರಾಗಿದ್ದ ನೀಲವ್ವ ನನಗಾಗಿ ರೊಟ್ಟಿಗೆ ಕೂತಳು. ಇದ್ದಿಲಿನ ಒಲೆಯ ಮೇಲೆ ಹಂಚು, ಅವ್ವ ಕಳಿಸಿದ ಜೋಳದ ಹಿಟ್ಟು. ಟಪಟಪ ಎಂದು ರೊಟ್ಟಿ ಬಡಿಯುವ ಸದ್ದು ಆ ಕಾಗದದ ಮನೆಯಲ್ಲಿ ತುಂಬಿಕೊಂಡಿತು. ನಾನು ಎರಡನೆಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದೆ. ಮಲ್ಲಪ್ಪ ಆಫೀಸಿನಲ್ಲಿದ್ದ.

ಮೊದಲು ಮೇಲಿನ ದೀಪ ತೂಗಿತು. ಗಾಳಿ ಎಂದುಕೊಂಡೆ. ಆಮೇಲೆ ಕೂತ ನೆಲವೇ ಯಾರೋ ಚಾಪೆ ಎಳೆದಂತೆ ಒಂದು ಕಡೆ ಸರಿದು, ಮತ್ತೆ ಈ ಕಡೆ ಬಂತು. ಇಡೀ ಮನೆ ಬುಟ್ಟಿಯ ಹಾಗೆ ಕಿರುಗುಟ್ಟಿತು. ಅಷ್ಟೆ, ನನ್ನ ಬುದ್ಧಿ ಎಲ್ಲಿತ್ತೋ ಶಿವನಿಗೇ ಗೊತ್ತು. ತಂಗಿಯನ್ನು ಕಾಪಾಡಲಿಕ್ಕೆ ಏಳು ಸಮುದ್ರ ದಾಟಿ ಬಂದವನು ತಂಗಿಯನ್ನು ಅಲ್ಲೇ ಬಿಟ್ಟು, ರೊಟ್ಟಿಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿದೆ. ಎಲ್ಲಿಗೆ? ಓಣಿಯ ತುದಿಗೆ, ಆ ಕಲ್ಲಿನ ದೀಪಸ್ತಂಭಕ್ಕೆ. ಕಣ್ಣು ಮುಚ್ಚಿ ಅದನ್ನು ಅಪ್ಪಿಕೊಂಡು "ಶಿವ ಶಿವಾ" ಎಂದೆ. ಕುರುಗೋಡಿನ ಕಲ್ಲಾಗಿದ್ದರೆ ಸುಮ್ಮನೆ ನಿಂತಿರುತ್ತಿತ್ತು. ಇದು ನನ್ನ ತೋಳಿನೊಳಗೆ ಗಡಗಡ ಅಂದಿತು. ಕಲ್ಲು ಕಲ್ಲಿಗೆ ಕಡಿಯುವ ಸದ್ದು ಕೇಳಿಸಿತು.

"ಅಣ್ಣಾ! ಕಲ್ಲು ಬಿಡು! ಕಲ್ಲು ಬಿಡೋ ಅಣ್ಣಾ!"

ನೀಲವ್ವನ ದನಿ. ನಾನು ಇನ್ನಷ್ಟು ಬಿಗಿಯಾಗಿ ಅಪ್ಪಿದೆ. ಆಗ ಹಿಂದಿನಿಂದ ಯಾರೋ ನನ್ನ ಧೋತರದ ಕಚ್ಚೆಗೆ ಕೈ ಹಾಕಿ ಎಳೆದರು. ಧೋತರ ಉಳಿಸಿಕೊಳ್ಳಲೋ ಕಲ್ಲು ಹಿಡಿಯಲೋ ಎಂಬ ಪ್ರಶ್ನೆ ಬಂದಾಗ ಕೈ ತಾನಾಗಿ ಧೋತರಕ್ಕೆ ಹೋಯಿತು. ನಾನು ಬೆನ್ನು ಕೆಳಗಾಗಿ ಬಿದ್ದೆ. ಕಲ್ಲಿನ ಟೊಪ್ಪಿಗೆ ನಾನು ನಿಂತಿದ್ದ ಜಾಗದಲ್ಲಿ ಧಡ್ಡೆಂದು ಬಿದ್ದು ಮಣ್ಣಿನಲ್ಲಿ ಹೂತುಕೊಂಡಿತು. ಪಕ್ಕದಲ್ಲಿ ಮೋರಿತಾ ಅಜ್ಜಿ ನನ್ನ ಕಚ್ಚೆಯ ತುದಿ ಹಿಡಿದುಕೊಂಡೇ ಕೂತಿದ್ದಳು, ಉಸಿರಾಡಲಿಕ್ಕೆ ಕಷ್ಟಪಡುತ್ತ.

ತುಂಡು ತುಂಡನ್ನು ಗಾರೆಯಿಲ್ಲದೆ ಬರೀ ಒಂದರ ಮೇಲೊಂದು ಕೂರಿಸಿದ ಸ್ತಂಭ ಅದು. ದಿನಾ ಮುಟ್ಟುತ್ತಿದ್ದೆ, ಕಲ್ಲಿನ ಕಂತ್ರಾಟುದಾರ ನಾನು, ಅಷ್ಟೂ ಹೊಳೆದಿರಲಿಲ್ಲ. ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತಂತೆ, ನೆಲ ನಡುಗಿದಾಗ ಕಲ್ಲುಸ್ತಂಭದ ಹತ್ತಿರ ಸುಳಿಯಬಾರದೆಂದು.

ನಡುಕ ನಿಂತಿತ್ತು. ಓಣಿಯವರೆಲ್ಲ ಹೊರಗಿದ್ದರು, ಯಾರ ಮನೆಯಲ್ಲೂ ಹೊಗೆ ಏಳಲಿಲ್ಲ. ತಲೆ ಎತ್ತಿ ತಂಗಿಯನ್ನು ನೋಡಿದೆ. ನೀಲವ್ವ ಓಣಿಯ ನಡುವೆ ನಿಂತಿದ್ದಳು. ಒಂದು ಕೈಯಲ್ಲಿ ಖಾಲಿ ಬಕೆಟ್ಟು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಕೈಗೆಲ್ಲ ಜೋಳದ ಹಿಟ್ಟು. ನಾನು ಓಡಿದ ಮೇಲೆ ಅವಳು ಮಾಡಿದ್ದು ಇಷ್ಟು: ಬಾಗಿಲು ಸಿಕ್ಕಿಹಾಕಿಕೊಳ್ಳದಂತೆ ಪೂರ್ತಿ ಸರಿಸಿದಳು, ಬಕೆಟ್ಟಿನ ನೀರು ಒಲೆಗೆ ಸುರಿದಳು, ತಲೆಯ ಮೇಲೆ ಮೆತ್ತೆ ಇಟ್ಟುಕೊಂಡು ಹೊರಗೆ ಬಂದಳು. ಹಂಚಿನ ಮೇಲಿದ್ದ ರೊಟ್ಟಿ ಮಾತ್ರ ಹಾಳಾಯಿತು. ಬಕೆಟ್ಟಿನಲ್ಲಿ ನೀರಿತ್ತು, ಯಾಕೆಂದರೆ ಬೆಳಿಗ್ಗೆ ನಾನು ಕಾಲು ತೊಳೆದು ಖಾಲಿ ಮಾಡಿದ್ದನ್ನು ಅಜ್ಜಿ ಮತ್ತೆ ತುಂಬಿಟ್ಟಿದ್ದಳು.

ನಾನು ಆ ಮುದುಕಿಯ ಕಾಲು ಮುಟ್ಟಿ ನಮಸ್ಕರಿಸಿದೆ. ಆಕೆ ಗಾಬರಿಯಾಗಿ ತಾನೂ ಬಗ್ಗಿದಳು. ಇಬ್ಬರ ತಲೆಯೂ ಡಿಕ್ಕಿ ಹೊಡೆದವು. ನೀಲವ್ವ ಅಳುತ್ತಿದ್ದವಳು ಫಕ್ಕನೆ ನಕ್ಕಳು. ನಾನು ಜಪಾನಿಗೆ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಸಂಜೆ ಮಲ್ಲಪ್ಪ ಏದುಸಿರು ಬಿಡುತ್ತ ಓಡಿ ಬಂದ. ಅವನು ಬಂದು ಕೂತ ಮೇಲೆ ನೀಲವ್ವ ಮಾತು ತೆಗೆದಳು.

"ಅಣ್ಣಾ, ನಾ ಬರಂಗಿಲ್ಲ."

"ತಲಿ ಕೆಟ್ಟೈತೇನು ನಿನಗ? ಇವತ್ತು ಕಣ್ಣಾರೆ ನೋಡಿದ ಮ್ಯಾಲೂ?"

"ನೋಡಿದ್ದಕ್ಕ ಹೇಳಾಕ ಹತ್ತೀನಿ. ಅಂಜಿಕಿ ಹೋಗಿಲ್ಲ ಅಣ್ಣಾ, ಈಗೂ ಐತಿ. ಆದ್ರ ಇವತ್ತು ಅಂಜಿಕಿ ಬಂದಾಗ ಕೈಗೆ ಕೆಲಸ ಇತ್ತು. ಕುರುಗೋಡಿಗೆ ಬಂದು ಕುಂತ್ರ ಇಲ್ಲಿ ಇವರಿಗೆ ಏನಾತೋ ಅಂತ ದಿನಾ ಅಂಜಬೇಕು. ಅಲ್ಲಿ ಕೂತು ನಾ ಯಾವ ಒಲಿ ಆರಿಸಲಿ?"

ಮಲ್ಲಪ್ಪನ ಕಣ್ಣು ತುಂಬಿದ್ದವು. ಕಟ್ಟಿದ ಟ್ರಂಕನ್ನು ಅವಳೇ ಬಿಚ್ಚಿದಳು.

ಬಂದರು

ಹಡಗು ಹತ್ತುವ ದಿನ ಮೂವರೂ ಬಂದಿದ್ದರು. ಅಜ್ಜಿ ನನಗೆ ಒಂದು ಚಿಕ್ಕ ಮೆತ್ತೆ ಕೊಟ್ಟಳು, ತಲೆಯ ಮೇಲಿಟ್ಟುಕೊಳ್ಳಲಿಕ್ಕೆ. ನೀಲವ್ವ ಒಣಗಿದ ಒಂದು ಮಣ್ಣೆತ್ತು ಕೊಟ್ಟಳು, ಅವ್ವನಿಗೆ. "ಹೆಂಗ ಹೇಳ್ತಿ ಅವ್ವಗ?" ಎಂದು ಕೇಳಿದಳು. ಎತ್ತನ್ನು ಮೆತ್ತೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ.

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಮಾತ್ರ ಭೂಕಂಪದ ಬಗ್ಗೆ. ಭೂಕಂಪ ಬರುವುದು ಮೊದಲೇ ತಿಳಿದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿದರೆ, ಒಳ್ಳೆಯದೇ ಎನ್ನುತ್ತೇನೆ. ಆ ಒಂದು ಗಳಿಗೆಗಾಗಿ ಅಜ್ಜಿ ತನ್ನ ಉಳಿದ ಆಯುಷ್ಯವನ್ನೇ ಕೊಟ್ಟುಬಿಡುತ್ತಿದ್ದಳು. ವಿದ್ವಾಂಸರು ಎಂದಾದರೂ ಅದನ್ನು ಕಂಡುಹಿಡಿಯಲಿ ಎಂದು ನನ್ನ ಹಾರೈಕೆ. ಆದರೆ ಅರ್ಧಂಬರ್ಧ ಗೊತ್ತಾದರೆ ಏನಾಗುತ್ತದೆಂದು ನಾನು ಅನುಭವಿಸಿದೆ. ಹೇಳಿದ ದಿನ ಮಳೆಯಲ್ಲಿ ತೊಯ್ದೆ, ಹೇಳದ ದಿನ ಚೀಲದ ಅನ್ನ ತಿಂದು ಕೂತಿದ್ದೆ. ಯಾವ ದಿನ ಎಂದು ಗೊತ್ತಿಲ್ಲದ ಆ ಜನ ಪ್ರತಿ ದಿನವೂ ಬಕೆಟ್ಟು ತುಂಬುತ್ತಾರೆ. ಆಮೇಲೆ ನಗುತ್ತಾರೆ, ಮದುವೆ ಮಾಡುತ್ತಾರೆ, ಕಾಗದದ ಗೋಡೆಯೊಳಗೆ ನೆಮ್ಮದಿಯಾಗಿ ಮಲಗುತ್ತಾರೆ. ಅಂಜಿಕೆಯನ್ನು ಇಷ್ಟು ಚೆನ್ನಾಗಿ ಬಾಳಿಸಿಕೊಂಡು ಹೋಗುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮತ್ತೆ ಕುರುಗೋಡು

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ನಾನು ಹೊಸ್ತಿಲ ಆಚೆಯೇ ನಿಂತೆ, ತುಳಿಯಬೇಡ ಎಂದಿದ್ದಳಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಕಲ್ಲು ಅಪ್ಪಿಕೊಂಡದ್ದು, ಕಚ್ಚೆ ಎಳೆದದ್ದು, ಒಲೆ ಆರಿಸಿದ್ದು, ಅಜ್ಜಿಯ ತಂಗಿಯ ಕಥೆ, ನೀಲವ್ವ ಕೊನೆಗೆ ಆಡಿದ ಮಾತು. ಅವ್ವ ಮಣ್ಣೆತ್ತನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಕೊಂಬು ಚಂದ ಮಾಡ್ಯಾಳ" ಎಂದು ಹೇಳಿ ಒಳಗೆ ಹೋದಳು. ಒಳಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೇ ಒಳಗೆ ಹೋದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಸಂಜೆ ಕಲ್ಲಿನ ಗಣಿಯಿಂದ ಧೂಳು ಮೆತ್ತಿಕೊಂಡು ಮನೆಗೆ ಬಂದೆ. ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಎಂದಿನ ಕೊಡದ ಪಕ್ಕದಲ್ಲಿ ಇನ್ನೊಂದು ಕೊಡವಿತ್ತು, ತುಳುಕುವಷ್ಟು ತುಂಬಿದ್ದು. ನನಗೆ ಹತ್ತಿರವಿದ್ದದ್ದು ಅದೇ. ಅದಕ್ಕೆ ತಂಬಿಗೆ ಅದ್ದಬೇಕೆನ್ನುವಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು.

"ಲೇ, ಅದನ್ನ ಮುಟ್ಟಬ್ಯಾಡ! ಆ ಕಡೀದು ತಗೋ ಕಾಲಿಗೆ."

"ಇದು ಯಾತಕ್ಕವ್ವಾ? ನಮ್ಮ ಗುಡ್ಡ ಎಂದಾರ ಅಲುಗಾಡೈತೇನು?"

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಆ ಕೊಡದ ಬಾಯಿಗೆ ತಟ್ಟೆ ಮುಚ್ಚಿ, ಸ್ವಲ್ಪ ಗೋಡೆಯ ಕಡೆ ಸರಿಸಿದಳು.

"ಈ ಹೊತ್ತಿಗೆ ಆಕೀನೂ ಇಟ್ಟಿರ್ತಾಳಲ್ಲ ಅಲ್ಲಿ," ಎಂದಳು. "ಇದು ನೀಲವ್ವನ ಕೊಡ."